ಮಣ್ಣು ತುಳಿಯುವವನ ಕಾಲು

"ಗುರುಗಳೇ, ನೋವು ಮುಟ್ಟದ ದೇಹ ಸಿಕ್ಕರೆ ಅದಕ್ಕಿಂತ ದೊಡ್ಡ ವರ ಉಂಟೇ?" ಎಂದು ಶಿಷ್ಯ ಕೇಳಿದ. ಗುರುಗಳು ಹೇಳಿದರು:

ಒಬ್ಬ ಕುಂಬಾರನಿದ್ದ. ಮಣ್ಣು ತುಳಿಯುವಾಗ ಸಾಸಿವೆಯಷ್ಟು ಹರಳು ಸಿಕ್ಕರೂ ಅವನ ಅಂಗಾಲಿಗೆ ತಿಳಿಯುತ್ತಿತ್ತು. ಅದನ್ನು ಹೆಕ್ಕಿ ಎಸೆದು ಮತ್ತೆ ತುಳಿಯುತ್ತಿದ್ದ. ಅವನಿಗೆ ಸಕ್ಕರೆ ಕಾಯಿಲೆ ಬಂದು ಕೆಲವು ವರ್ಷಗಳಾಗಿದ್ದವು. ಮೊದಮೊದಲು ಪಾದ ಉರಿಯುತ್ತಿತ್ತು. ಬರಬರುತ್ತಾ ಉರಿ ನಿಂತಿತು. ಕಾಯಿಲೆಯೇ ಹೋಯಿತೆಂದು ಅವನು ಮಾತ್ರೆ ಬಿಟ್ಟ.

ಆಮೇಲೆ ಆವಿಗೆಯಲ್ಲಿ ಸುಡುವಾಗ ಮಡಕೆಗಳು ಒಡೆಯತೊಡಗಿದವು. ಕೆರೆಯ ಮಣ್ಣು ಕೆಟ್ಟಿತೇನೋ ಎಂದು ಬೇರೆ ಕೆರೆಯಿಂದ ತಂದ. ಆ ಮಣ್ಣಿನ ಮಡಕೆಗಳೂ ಒಡೆದವು. ಬೆಂಕಿ ಹೆಚ್ಚಾಯಿತೇನೋ ಎಂದು ಸೌದೆ ಕಡಿಮೆ ಮಾಡಿದ. ಮಡಕೆಗಳು ಬೇಯಲೇ ಇಲ್ಲ. ಅವನಿಗೆ ತಲೆಬುಡ ತಿಳಿಯಲಿಲ್ಲ. ಕೊನೆಗೆ ಮಣ್ಣನ್ನು ಜರಡಿ ಹಿಡಿಯುವ ಹೆಂಡತಿಯನ್ನು ಬೈದ.

ಅವಳು ನೇರವಾಗಿ ಅವನು ತುಳಿಯುತ್ತಿದ್ದ ಮಣ್ಣಿಗೇ ಕೈ ಹಾಕಿದಳು. ಮಡಕೆ ಒಡೆಸುತ್ತಿದ್ದ ಹರಳುಗಳು ಸಿಕ್ಕವು. ಮಣ್ಣು ಒಂದು ಕಡೆ ಕೆಂಪಾಗಿತ್ತು. ಅವನ ಕಾಲೆತ್ತಿ ನೋಡಿದಳು. ಅಂಗಾಲಿನಲ್ಲಿ ಗಾಜಿನ ಚೂರು ನಾಟಿತ್ತು.

"ನೋಯುತ್ತಿಲ್ಲವೇ ನಿಮಗೆ?"

"ಏನು ನೋಯಬೇಕು?" ಎಂದು ಅವನು ಬೇರೆ ಯಾರದೋ ಕಾಲನ್ನು ನೋಡುವಂತೆ ತನ್ನ ಕಾಲನ್ನು ನೋಡಿದ.

ವೈದ್ಯರು ರಕ್ತ ಪರೀಕ್ಷಿಸಿದರು. "ಸಕ್ಕರೆ ಏರಿದೆ. ನರಗಳಿಗೆ ಬೇಕಾದ ಮೆಗ್ನೀಸಿಯಮ್ ಎಂಬ ಖನಿಜ ಇಳಿದಿದೆ. ಸಕ್ಕರೆಯಿಂದ ನರ ಸೋಲುವುದುಂಟು. ಇದರಲ್ಲಿ ಖನಿಜದ ಕೊರತೆಯ ಪಾಲೆಷ್ಟೋ, ನಾನು ಹೇಳಲಾರೆ. ಎರಡನ್ನೂ ಸರಿಪಡಿಸೋಣ. ಆದರೆ ಪಾದದಿಂದ ಹೋದ ಅರಿವು ಮರಳುತ್ತದೆಂದು ಮಾತು ಕೊಡಲಾರೆ" ಎಂದರು.

ಕುಂಬಾರ ದಾರಿಯುದ್ದಕ್ಕೂ ಯೋಚಿಸಿದ. ಒಂದು ಹೆಚ್ಚಾಯಿತು, ಒಂದು ಕಡಿಮೆಯಾಯಿತು. ತನ್ನೊಳಗೇ ನಡೆದದ್ದು ತನಗೇಕೆ ತಿಳಿಯಲಿಲ್ಲ? ನೋವು ಹೋದಾಗ ತಾನು ಹಿಗ್ಗಿದ್ದು ನೆನಪಾಗಿ ಅವನಿಗೆ ಭಯವಾಯಿತು.

ಗಾಯ ಬಲಿತು ಒಂದು ಬೆರಳು ಹೋಯಿತು. ಕಾಲು ಉಳಿಯಿತು. ಮತ್ತೆ ಮಾತ್ರೆ ಹಿಡಿದ. ಅರಿವು ಮಾತ್ರ ಮರಳಲಿಲ್ಲ. ಅಂದಿನಿಂದ ಹೆಂಡತಿ ಮಣ್ಣು ತುಳಿದಳು, ಅವನು ಮಡಕೆ ರೂಪಿಸುವ ತಿಗರಿಯ ಮುಂದೆ ಕುಳಿತ. ಸಂಜೆಯಾದರೆ ಅವಳು ಅವನ ಪಾದ ತೊಳೆದು, ಬೆರಳ ಸಂದುಗಳನ್ನೆಲ್ಲ ಬಿಡಿಸಿ ನೋಡುತ್ತಿದ್ದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ಏನೂ ಬಗೆಹರಿಯಲಿಲ್ಲ.

"ಹಾಗಾದರೆ ಅವನ ನೋವನ್ನು ಕಳೆದದ್ದು ಯಾವುದು? ಹೆಚ್ಚಾದದ್ದೋ, ಕಡಿಮೆಯಾದದ್ದೋ?"

"ಅದು ಯಾರಿಗೂ ತಿಳಿಯಲಿಲ್ಲ, ಆದರೆ ಮುಂದೊಮ್ಮೆ ಅವನ ಹಿಮ್ಮಡಿಗೆ ಮುಳ್ಳು ಚುಚ್ಚಿದಾಗ ಅದನ್ನು ಕಂಡು 'ಅಯ್ಯೋ' ಎಂದವಳು ಅವನ ಹೆಂಡತಿ."