ಶಾರ್ಕ್ ದವಡೆಯೊಳಗೆ ಹಲ್ಲಿ

ಶಾರ್ಕ್ ದವಡೆಗಳನ್ನು ಕೂಡಿಟ್ಟವರೊಬ್ಬರ ಮನೆಗೆ, ಬೆಕ್ಕಿಗೆ ಹೆದರಿದ ಹಲ್ಲಿಯೊಂದು ನುಗ್ಗಿತು. ಗೋಡೆಯ ಮೇಲೆ ಎರಡು ದವಡೆಗಳು ಬಾಯಿ ತೆರೆದುಕೊಂಡಿದ್ದವು.

"ಬೆಕ್ಕು ಬರುತ್ತಿದೆ, ಕಾಪಾಡಿ," ಎಂದಿತು ಹಲ್ಲಿ.

"ಒಳಗೆ ಬಾ ಮಗಳೇ," ಎಂದಿತು ಪಳೆಯುಳಿಕೆಯ ದೊಡ್ಡ ದವಡೆ. "ಲಕ್ಷಾಂತರ ವರ್ಷಗಳ ಹಿಂದೆ ನನ್ನನ್ನು ಕಂಡರೆ ತಿಮಿಂಗಿಲಗಳೂ ನಡುಗುತ್ತಿದ್ದವು. ಪಕ್ಕದವನು ಮೊನ್ನೆ ಸತ್ತವನು."

"ಅಜ್ಜಾ, ನಿಮ್ಮದು ಹಲ್ಲು ಮಾತ್ರ ಹಳೆಯದು. ದವಡೆ ಯಜಮಾನರು ಪ್ಲಾಸ್ಟರಿನಲ್ಲಿ ಮಾಡಿಸಿದ್ದು," ಎಂದಿತು ಹೊಸ ದವಡೆ. "ಬಾರಮ್ಮ, ನನ್ನ ಹಲ್ಲು ಇನ್ನೂ ಹರಿತವಾಗಿದೆ."

ದೊಡ್ಡ ದವಡೆಯ ವಂಶದ ಹೆಮ್ಮೆಗೆ ಮರುಳಾಗಿ ಹಲ್ಲಿ ಅದರ ಬಾಯಿಯೊಳಗೆ ಅಡಗಿತು. ಬೆಕ್ಕು ಬಂದಿತು. ಆ ಹಲ್ಲುಗಳ ನಡುವೆ ನಿಧಾನವಾಗಿ ತಲೆ ತೂರಿಸಿ, ಹಲ್ಲಿಯನ್ನು ಕಚ್ಚಿಕೊಂಡು ಹೋಯಿತು.



"ನೋಡಿದೆಯೇನೋ ತಮ್ಮಾ," ಎಂದಿತು ದೊಡ್ಡ ದವಡೆ. "ನನ್ನ ಬಾಯಿಗೆ ಬಂದದ್ದು ಇವತ್ತಿಗೂ ಬದುಕಿ ಹೋಗುವುದಿಲ್ಲ."