ಕೂಸಿಗೆ ಕೊಟ್ಟ ಹಳೆಯ ಪಂಚೆ

ಶಿಷ್ಯನೊಬ್ಬ ಗುರುಗಳ ಬಳಿ ಬಂದು, "ಸ್ವಾಮಿ, ನಾವು ಕೈಯೆತ್ತಿ ಕೊಟ್ಟ ವಸ್ತು ನಿಜವಾಗಿ ನಮ್ಮನ್ನು ಬಿಟ್ಟುಹೋಗುವುದು ಯಾವಾಗ?" ಎಂದು ಕೇಳಿದ. ಗುರುಗಳು ಈ ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಮಾಗಿಯ ಚಳಿಯಲ್ಲಿ ಅವನ ಪಕ್ಕದ ಮನೆಯ ರೈತನ ಮಗಳು ಹೆತ್ತಳು. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸು, ಎತ್ತಿಕೊಳ್ಳಲೂ ಭಯ. ಬೆಚ್ಚಗಿಟ್ಟರೆ ಉಳಿದೀತು ಎಂದಳು ಸೂಲಗಿತ್ತಿ. ಹಸುಗೂಸಿಗೆ ಹೊಸ ಬಟ್ಟೆ ಹೊದಿಸುವ ರೂಢಿ ಆ ಊರಲ್ಲಿ ಇರಲಿಲ್ಲ. ತುಂಬು ಬಾಳು ಬಾಳಿದವರು ಉಟ್ಟು ಸವೆಸಿದ ಬಟ್ಟೆಯೇ ಆಗಬೇಕು; ಬಟ್ಟೆ ಮೆತ್ತಗಿರುತ್ತದೆ, ಜೊತೆಗೆ ಅವರ ಆಯುಸ್ಸೂ ಬರುತ್ತದೆ ಎಂದು ನಂಬಿಕೆ. ವರ್ತಕನಿಗೆ ಎಂಬತ್ತು ದಾಟಿತ್ತು. ಕೂಸಿನ ಅಜ್ಜಿ ಬಂದು ಕೇಳಿದಾಗ ಅವನು ಹಳೆಯ ಪಂಚೆಯೊಂದನ್ನು ಸಂತೋಷದಿಂದಲೇ ಕೊಟ್ಟ.

ಮರುದಿನ ಬೆಳಿಗ್ಗೆ ಪಂಚೆಯನ್ನು ಮಾತಾಡಿಸಿಕೊಂಡು ಹೋಗಲು ಬಂದ. ಕಲ್ಲಿಗೆ ಬಡಿದು ಒಗೆಯಬೇಡಿ, ಅಂಚು ಹೋದೀತು ಎಂದ. ಅದರ ಮರುದಿನ, ಬಿಸಿಲಿಗೆ ಹಾಕದೆ ನೆರಳಲ್ಲಿ ಒಣಗಿಸಿ ಎಂದ. ಮೂರನೆಯ ದಿನ ಹಗ್ಗದ ಮೇಲಿದ್ದ ಪಂಚೆಯಲ್ಲಿ ಹಳದಿ ಕಲೆ ಕಂಡಿತು. ಆ ಪಂಚೆ ಉಟ್ಟು ತಾನು ಕಾಶಿಗೆ ಹೋದದ್ದು, ಗಂಗೆಯಲ್ಲಿ ಮುಳುಗಿದ್ದು, ದಾರಿಯಲ್ಲಿ ಯಾರ್ಯಾರು ಅದನ್ನು ಹೊಗಳಿದ್ದು, ಎಲ್ಲವನ್ನೂ ಬಾಣಂತಿಯ ಕೋಣೆಯ ಹೊರಗೆ ನಿಂತು ಹೇಳಿದ. ಅವನ ದನಿಗೆ ಕೂಸು ಎಚ್ಚೆತ್ತು ಅತ್ತಿತು.

"ಅಲ್ಲಮ್ಮ, ಇದು ಕಾಶಿಗೆ ಹೋಗಿಬಂದ ಪಂಚೆ ಅಂತ ಕೂಸಿಗೆ ಒಂದು ಮಾತು ಹೇಳಬಾರದೇ?" ಎಂದ.

"ಹೇಳಿದೆ ಯಜಮಾನರೇ," ಎಂದಳು ಅಜ್ಜಿ. "ಕೇಳಿಸಿಕೊಂಡು ಇನ್ನೊಂದು ಸಲ ಮಾಡಿತು."

ಅವನು ಬರುವುದು ನಿಲ್ಲಲಿಲ್ಲ, ಕೂಸಿಗೆ ನಿದ್ದೆ ಹತ್ತಲಿಲ್ಲ. ಹನ್ನೆರಡನೆಯ ದಿನ ಅಜ್ಜಿಯ ತಾಳ್ಮೆ ಮುಗಿಯಿತು. ಕೂಸನ್ನು ಮಗಳ ಸೆರಗಿನೊಳಗೆ ಮಲಗಿಸಿ, ಪಂಚೆಯನ್ನು ಒಗೆದು, ನೆರಳಲ್ಲೇ ಒಣಗಿಸಿ, ಮಡಿಚಿ, ಅವನ ಜಗಲಿಯ ಮೇಲಿಟ್ಟು ಬಂದಳು. ವರ್ತಕ ಅದನ್ನು ಬಿಡಿಸಿ ಬೆಳಕಿಗೆ ಹಿಡಿದು ನೋಡಿದ. ನೋಡಿದವನು ಮತ್ತೆ ಪಕ್ಕದ ಮನೆಗೆ ಹೋದ. ಕೊಡುವಾಗ ಮೂರೇ ತೂತು ಇದ್ದವು, ಈಗ ನಾಲ್ಕಾಗಿವೆ ಎಂದ.

ಶಿಷ್ಯನಿಗೆ ನಗು ತಡೆಯಲಾಗಲಿಲ್ಲ. ಕಣ್ಣೊರೆಸಿಕೊಂಡು, ಕೊನೆಗೆ ಆ ಪಂಚೆ ಏನಾಯಿತು ಸ್ವಾಮಿ ಎಂದು ಕೇಳಿದ.

ಗುರುಗಳು ಹೇಳಿದರು: "ಪಂಚೆಯನ್ನು ಅವನೂ ವಿಚಾರಿಸಿದ, ಈಗ ನೀನೂ ವಿಚಾರಿಸಿದೆ, ಕೂಸನ್ನು ಇನ್ನೂ ಯಾರೂ ವಿಚಾರಿಸಿಲ್ಲ."