ಹಗೆಗೊಂದು ಮೂಲೆ

ಒಬ್ಬರು ಕ್ರೀಡಾಮಂತ್ರಿಗಳಿದ್ದರು. ಪಕ್ಕದ ದೇಶದ ಮೇಲೆ ಸಿಟ್ಟು ಬಂದರೆ ಅದನ್ನು ಕ್ರಿಕೆಟ್ ಮೈದಾನದ ಮೇಲೆ ತೀರಿಸಿಕೊಳ್ಳುತ್ತಿದ್ದರು. ನಾಲ್ಕು ತಿಂಗಳ ಹಿಂದೆ ಕ್ಯಾಮರಾದವರನ್ನು ಕಟ್ಟಿಕೊಂಡು ಬಂದು, ತಾವೇ ಪಿಕಾಸಿ ಹಿಡಿದು ಪಿಚ್ ಅಗೆದು, "ಈ ನೆಲದಲ್ಲಿ ಅವರ ಜೊತೆ ಇನ್ನು ಆಟವಿಲ್ಲ" ಎಂದು ಗುಡುಗಿ ಹೋಗಿದ್ದರು.

ಈಗ ಆ ದೇಶದಿಂದ ಗ್ಯಾಸ್ ಬೇಕಾಗಿತ್ತು. ಮಂತ್ರಿಗಳು ಮತ್ತೆ ಬಂದರು.

"ಭಾನುವಾರ ಸ್ನೇಹದ ಪಂದ್ಯ. ಎರಡೂ ದೇಶದ ದೊಡ್ಡವರು ಅಕ್ಕಪಕ್ಕ ಕೂತು ನೋಡುತ್ತಾರೆ. ಅಷ್ಟರೊಳಗೆ ಪಿಚ್ ಆಗಲಿಲ್ಲವೋ, ನಿನ್ನ ಕೆಲಸ ಹೋಯಿತು ಅಂತ ತಿಳಿ" ಎಂದರು ಮೈದಾನದ ಮಾಲಿ ಜುಂಜಣ್ಣನಿಗೆ.

ಅಗೆದ ಪಿಚ್ ಮತ್ತೆ ಕೂರಲು ಆರು ತಿಂಗಳು ಬೇಕು. ಜುಂಜಣ್ಣ ವಾದ ಮಾಡಲಿಲ್ಲ. ಮೈದಾನದ ನಡುವೆ ಹೋಗಿ ಟಾರ್ಪಾಲು ಎಳೆದ. ಕೆಳಗೆ ಪಿಚ್ಚು ಒಂದು ಗೀರೂ ಇಲ್ಲದೆ ಗಟ್ಟಿಯಾಗಿ ಮಲಗಿತ್ತು.

ಮಂತ್ರಿಗಳು ಬಗ್ಗಿ ಪಿಚ್ ಮುಟ್ಟಿ ನೋಡಿದರು. "ಹಾಗಾದರೆ ಅವತ್ತು ನಾನು ಅಗೆದದ್ದು?"

"ಆ ಮೂಲೆಯ ಖಾಲಿ ಜಾಗ, ಸ್ವಾಮಿ. ನೀವು ಬರ್ತೀರಿ ಅಂತ ಗೊತ್ತಾದ ಮೇಲೆ ಸುಣ್ಣದ ಗೆರೆ ಎಳೆದು ವಿಕೆಟ್ ನೆಟ್ಟಿದ್ದೆ. ನೀವು ಕ್ಯಾಮರಾ ನೋಡ್ತಿದ್ರಿ, ನೆಲ ನೋಡಲಿಲ್ಲ."

"ಮತ್ತೆ ದೋಸ್ತಿ ಆಗುತ್ತೆ ಅಂತ ನಿನಗೆ ಹೇಗಯ್ಯಾ ಗೊತ್ತಿತ್ತು?"

"ಪಿಚ್ಚಿಗೆ ಆರು ತಿಂಗಳು ಬೇಕು, ಸ್ವಾಮಿ. ನಿಮ್ಮ ಹಗೆ ಯಾವತ್ತೂ ಅಷ್ಟು ದಿನ ಬಾಳಿಲ್ಲ."

ಮಂತ್ರಿಗಳು ಸುತ್ತ ನೋಡಿದರು. ಕ್ಯಾಮರಾ ಇರಲಿಲ್ಲ, ಹಾಗಾಗಿ ಸಿಟ್ಟೂ ಬರಲಿಲ್ಲ. ಕಾರಿನ ಕಡೆ ತಿರುಗಿದರು.

ಜುಂಜಣ್ಣ ಹಿಂದೆಯೇ ಹೋಗಿ ಬಾಗಿಲು ತೆಗೆದ. "ಆ ಮೂಲೆಗೆ ದಿನಾ ನೀರು ಬಿಡ್ತಾ ಇದ್ದೀನಿ, ಸ್ವಾಮಿ. ಮುಂದಿನ ಸಲ ಅಗೆಯೋಕೆ ಮೆತ್ತಗಿರುತ್ತೆ."